ಮುಳುಗಿದ ಮೋಟರು, ಆತುರದ ಸ್ವಿಚ್ಚು

ಬೋರು ಕೊರೆಸಿ ಕೊರೆಸಿ ಸೋತ ಜಿಲ್ಲೆ ನಮ್ಮ ಚಿತ್ರದುರ್ಗ. ‘ಮೋಟರು ನೀರಲ್ಲಿ ಮುಳುಗಿಬಿಟ್ಟಿದೆ, ಏನು ಮಾಡೋದು?’ ಎಂದು ಹಿರಿಯೂರಿನಲ್ಲಿ ಯಾರಾದರೂ ಕೇಳುವ ಕಾಲ ಬರುತ್ತದೆ ಅಂತ ಹತ್ತು ವರ್ಷದ ಹಿಂದೆ ಹೇಳಿದ್ದರೆ ಟೀ ಅಂಗಡಿಯಲ್ಲಿ ಕೂತವರು ನಕ್ಕುಬಿಡುತ್ತಿದ್ದರು. ಆ ಕಾಲ ಬಂತು. 2022ರ ಸೆಪ್ಟೆಂಬರ್ ಮೊದಲ ವಾರ, ಹುಬ್ಬೆ ಮಳೆಯ ದಿನಗಳಲ್ಲಿ, ವಾಣಿವಿಲಾಸ ಸಾಗರ 130 ಅಡಿ ತುಂಬಿ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಈ ಮಾರಿಕಣಿವೆ ಅಣೆಕಟ್ಟು ಅದಕ್ಕೂ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ. ಮತ್ತೆ 89 ವರ್ಷ ಕಾಯಬೇಕೇನೋ ಅಂದುಕೊಂಡಿದ್ದವರಿಗೆ 2025ರ ಜನವರಿಯಲ್ಲೇ ಮೂರನೆಯ ಕೋಡಿ ನೋಡಲು ಸಿಕ್ಕಿತು.

ನೀರು ಬಂದರೆ ಸಂತೋಷವೇ. ಆದರೆ ಬಂದ ನೀರು ಒಬ್ಬೊಬ್ಬರಿಗೆ ಒಂದೊಂದು ರೀತಿ ಕಾಡುತ್ತದೆ. ಹೊಸದುರ್ಗದ ಕಡೆ ಹಿನ್ನೀರು ಸದ್ದಿಲ್ಲದೆ ತೋಟಕ್ಕೆ ನುಗ್ಗಿ ವಾರಗಟ್ಟಲೆ ನಿಲ್ಲುತ್ತದೆ. ಹಿರಿಯೂರಿನ ಕಡೆ ವೇದಾವತಿ ದಡ ಮೀರಿ ಒಂದೇ ರಾತ್ರಿ ಬಂದು ಹೋಗುತ್ತದೆ, ಹೋಗುವಾಗ ಕೆಸರು ಬಿಟ್ಟು ಹೋಗುತ್ತದೆ. ಹೊಳಲ್ಕೆರೆಯ ಕಡೆ ಕೆರೆ ಕೋಡಿ ಬಿದ್ದರೆ ಹಳ್ಳದ ಪಕ್ಕದ ಅಡಿಕೆ ತೋಟಕ್ಕೆ ನೀರು. ಚಿತ್ರದುರ್ಗ ಪಟ್ಟಣದಲ್ಲಾದರೆ ತಗ್ಗಿನ ಮನೆಯ ಸಂಪಿನ ಪಕ್ಕದ ಗುಂಡಿಯಲ್ಲಿ ಕೂತ ಒಂದು ಎಚ್‌.ಪಿ. ಮೋಟರು ತಲೆಯವರೆಗೂ ನೀರಲ್ಲಿರುತ್ತದೆ.

ನನ್ನ ಮನೆಯ ಮೋಟರು ಹಾಗೆ ಮುಳುಗಿತ್ತು. ಬಕೆಟ್ಟಿನಲ್ಲಿ ನೀರು ಹೊರಹಾಕಿ, ಬಟ್ಟೆಯಲ್ಲಿ ಒರೆಸಿ, ಒಂದು ದಿನ ಬಿಸಿಲು ಕಾಣಿಸಿ ಸ್ವಿಚ್ ಹಾಕಿದೆ. ಎರಡು ನಿಮಿಷ ಓಡಿತು. ಮೂರನೆಯ ನಿಮಿಷಕ್ಕೆ ಹೊಗೆ. ವೈಂಡಿಂಗ್ ಅಂಗಡಿಯಾತ ಮೋಟರು ಬಿಚ್ಚಿ ನೋಡಿ ಒಂದೇ ಮಾತು ಹೇಳಿದ: ‘ಇದನ್ನ ನೀರು ಸುಟ್ಟಿಲ್ಲ ಸಾರ್, ನೀವು ಸುಟ್ಟಿದ್ದು.’ ಈ ಲೇಖನ ಆ ಮಾತಿನ ವಿವರಣೆ ಅಷ್ಟೆ.

ನೀರು ಹೊಕ್ಕರೆ ಒಳಗೆ ಏನಾಗುತ್ತದೆ

ಮೋಟರಿನೊಳಗಿನ ತಾಮ್ರದ ತಂತಿಗೆ ಎನಾಮೆಲ್ ಲೇಪವಿದೆ. ತಂತಿಯ ಸುರುಳಿ ಕೂರುವ ಕಬ್ಬಿಣದ ಸ್ಲಾಟುಗಳಿಗೆ ಇನ್ಸುಲೇಶನ್ ಕಾಗದ ಸುತ್ತಿರುತ್ತಾರೆ. ಮೇಲೆ ವಾರ್ನಿಶ್. ಈ ಮೂರೂ ಸೇರಿ ಕರೆಂಟು ತಂತಿಯಿಂದ ಕಬ್ಬಿಣದ ಮೈಗೆ ಹಾರದಂತೆ ತಡೆಯುತ್ತವೆ. ನೀರು ಈ ತಂತಿಯನ್ನು ಕರಗಿಸುವುದಿಲ್ಲ, ಕಾಗದವನ್ನು ಹರಿಯುವುದೂ ಇಲ್ಲ. ಕಾಗದ ನೀರು ಕುಡಿಯುತ್ತದೆ; ಲೇಪದಲ್ಲಿರುವ ಕಣ್ಣಿಗೆ ಕಾಣದ ಬಿರುಕುಗಳಲ್ಲಿ ತೇವ ಕೂರುತ್ತದೆ. ಪ್ರವಾಹದ ನೀರು ಶುದ್ಧ ನೀರಲ್ಲ. ಮಣ್ಣು, ಗೊಬ್ಬರದ ಉಪ್ಪು, ಚರಂಡಿಯ ಕೊಳೆ ಎಲ್ಲ ಬೆರೆತಿರುವುದರಿಂದ ಅದು ಕರೆಂಟಿಗೆ ಒಳ್ಳೆಯ ದಾರಿ. ಆ ಸ್ಥಿತಿಯಲ್ಲಿ 415 ವೋಲ್ಟ್ ಕೊಟ್ಟರೆ ತೇವದ ದಾರಿ ಹಿಡಿದು ಕರೆಂಟು ಮೈಗೆ ಹರಿಯುತ್ತದೆ, ಆ ಜಾಗ ಕಾದು ಲೇಪ ಸುಡುತ್ತದೆ, ಪಕ್ಕದ ಸುತ್ತು ಶಾರ್ಟ್ ಆಗುತ್ತದೆ. ಮೋಟರು ಸತ್ತಿತು.

ಅಂದರೆ ಸ್ವಿಚ್ ಹಾಕುವ ತನಕ ಮುಳುಗಿದ ಮೋಟರು ಬಹುಮಟ್ಟಿಗೆ ಬದುಕೇ ಇರುತ್ತದೆ. ತೊಳೆದು, ಒಣಗಿಸಿ, ಬೇರಿಂಗ್ ಬದಲಿಸಿದರೆ ಹಲವು ಮೋಟರುಗಳು ರೀವೈಂಡಿಂಗ್ ಇಲ್ಲದೆಯೇ ಮತ್ತೆ ಓಡುತ್ತವೆ.

ನಮ್ಮ ಕಡೆ ಇದರಲ್ಲೊಂದು ಕಂಟಕ ಸೇರಿಕೊಂಡಿದೆ: ಆಟೋ ಸ್ಟಾರ್ಟರ್. ತ್ರೀ ಫೇಸ್ ಯಾವಾಗ ಬರುತ್ತದೋ, ಮಧ್ಯರಾತ್ರಿ ಎದ್ದು ಹೋಗುವವರು ಯಾರು? ಹಾಗಾಗಿ ಎಲ್ಲರೂ ಆಟೋದಲ್ಲಿಟ್ಟು ಮಲಗುತ್ತಾರೆ. ನೆರೆ ಇಳಿದ ಮೇಲೆ ಲೈನ್ ಸರಿಮಾಡಿ ಕರೆಂಟು ಬಿಟ್ಟ ಕ್ಷಣ, ಒದ್ದೆ ಮೋಟರಿಗೆ ಯಾರೂ ಹೇಳದೆಯೇ ಸ್ವಿಚ್ ಬೀಳುತ್ತದೆ. ಮಾಲೀಕ ಊರಲ್ಲಿ ನಿದ್ದೆಯಲ್ಲಿರುತ್ತಾನೆ.

ಮೊದಲು ಜೀವ, ಆಮೇಲೆ ಮೋಟರು

ಒಂದು ಮೋಟರು ಹೋದರೆ ಇನ್ನೊಂದು ತರಬಹುದು. ಈ ನಾಲ್ಕನ್ನು ಬಿಟ್ಟು ಮುಂದೆ ಹೋಗಬೇಡಿ.

1. ಮಳೆ ಜೋರಾಗುವ ಸೂಚನೆ ಇದ್ದಾಗಲೇ ಆಟೋ ಸ್ಟಾರ್ಟರನ್ನು ಆಫ್‌ಗೆ ತಿರುಗಿಸಿ, ಮೇನ್ ಸ್ವಿಚ್ ಇಳಿಸಿ. ಮೊಬೈಲ್ ಸ್ಟಾರ್ಟರ್ ಇದ್ದರೆ ಫೋನಿನಿಂದ ಆಫ್ ಮಾಡಿದರೆ ಸಾಲದು. ಡಬ್ಬದಲ್ಲಿನ ಸ್ವಿಚ್ಚೇ ಇಳಿಯಬೇಕು.

2. ನೀರು ಬಂದಾಗಿದ್ದರೆ ಪಂಪ್ ಮನೆಗೆ ಕಾಲಿಡಬೇಡಿ. ತಂತಿ ಕಿತ್ತಿದ್ದರೆ ನೀರು, ಕಬ್ಬಿಣದ ಪೈಪು, ಕಂಬದ ಸ್ಟೇ ವೈರು, ಬೇಲಿಯ ತಂತಿ ಎಲ್ಲದರಲ್ಲೂ ಕರೆಂಟು ಇರಬಹುದು. ನಮ್ಮ ನಾಲ್ಕೂ ತಾಲ್ಲೂಕುಗಳು ಬೆಸ್ಕಾಂ ವ್ಯಾಪ್ತಿಯವು. 1912ಕ್ಕೆ ಕರೆ ಮಾಡಿ, ಆರ್‌.ಆರ್‌. ನಂಬರ್ ಹೇಳಿ, ಲೈನ್ ಆಫ್ ಆಗಿದೆಯೆಂದು ಲೈನ್‌ಮನ್ ಬಾಯಿಂದಲೇ ಕೇಳಿ ತಿಳಿಯಿರಿ.

3. ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಫ್ಯೂಸನ್ನು ನೀವೇ ಕೀಳಲು ಹೋಗಬೇಡಿ. ‘ಎಷ್ಟು ಸಲ ಕಿತ್ತಿಲ್ಲ!’ ಅನ್ನುತ್ತೀರಿ, ನನಗೆ ಗೊತ್ತು. ಆ ಎಷ್ಟೋ ಸಲ ನಿಮ್ಮ ಕಾಲ ಕೆಳಗೆ ಒಣನೆಲ ಇತ್ತು. ಈಗ ಕೆಸರಿದೆ.

4. ಸ್ಟಾರ್ಟರ್ ಡಬ್ಬದ ಬಾಗಿಲು ಬರಿಗೈಯಲ್ಲಿ ತೆಗೆಯಬೇಡಿ. ನೆರೆ ಬಂದಾಗ ಹಾವು, ಚೇಳು ಎತ್ತರದ ಒಣಜಾಗ ಹುಡುಕುತ್ತವೆ. ಗೋಡೆಯ ಮೇಲಿನ ಡಬ್ಬ ಅವುಗಳಿಗೆ ಹೇಳಿ ಮಾಡಿಸಿದ ಮನೆ. ಉದ್ದನೆಯ ಒಣ ಕೋಲಿನಿಂದ ತೆರೆದು, ಸ್ವಲ್ಪ ಹೊತ್ತು ದೂರ ನಿಲ್ಲಿ.

ಕೈ ಹಾಕುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಗೋಡೆಯ ಮೇಲೆ ನೀರು ನಿಂತ ಗುರುತು, ಕೆಸರು ಮೆತ್ತಿದ ಮೋಟರು, ಅದರ ನಾಮಫಲಕದ ನಂಬರು. ಗ್ರಾಮ ಆಡಳಿತಾಧಿಕಾರಿಗೆ ನಷ್ಟದ ಅರ್ಜಿ ಕೊಡುವುದಾದರೆ ತೊಳೆದು ಹೊಳೆಯುವ ಮೋಟರು ಸಾಕ್ಷಿಯಾಗುವುದಿಲ್ಲ. ಬ್ಯಾಂಕ್ ಸಾಲದಲ್ಲಿ ಪಂಪ್‌ಸೆಟ್ ತಂದಿದ್ದರೆ ಅದರ ಜೊತೆ ವಿಮೆ ಮಾಡಿಸಿದ್ದಾರೆಯೇ, ಅದರಲ್ಲಿ ಪ್ರವಾಹದ ಮಾತಿದೆಯೇ ಎಂದು ಕಾಗದ ತೆಗೆದು ನೋಡಿ. ಬೆಳೆ ವಿಮೆ ಮೋಟರಿಗೆ ಬರುವುದಿಲ್ಲ.

ನಿಮ್ಮದು ಯಾವ ಪಂಪು?

ಎಲ್ಲ ಪಂಪಿಗೂ ಒಂದೇ ಮದ್ದಲ್ಲ. ನದಿ ದಡದಲ್ಲಿ, ತೆರೆದ ಬಾವಿಯ ಅಟ್ಟಣಿಗೆಯ ಮೇಲೆ, ಮನೆಯ ಸಂಪಿನ ಪಕ್ಕ ಕೂರುವ ಮಾನೋಬ್ಲಾಕ್‌ಗೆ ಅಪಾಯ ಹೆಚ್ಚು. ಅದು ಗಾಳಿಯಲ್ಲಿ ತಂಪಾಗುವ ಮೋಟರು. ಅದರ ಮೈಯಲ್ಲಿ ಗಾಳಿಯ ದಾರಿಗಳಿವೆ, ನೀರಿಗೂ ಅವೇ ದಾರಿ.

ಬೋರಿನ ಸಬ್‌ಮರ್ಸಿಬಲ್ ನೀರಲ್ಲೇ ಹುಟ್ಟಿ ನೀರಲ್ಲೇ ಬದುಕುವಂಥದ್ದು. ಅದರ ವೈಂಡಿಂಗ್ ತಂತಿಗೆ ಎನಾಮೆಲ್ ಬದಲು ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಮೋಟರಿನೊಳಗೆ ನೀರೇ ತುಂಬಿರುತ್ತಾರೆ. ಆರುನೂರು ಅಡಿ ಕೆಳಗಿರುವ ಮೋಟರಿಗೆ ಮೇಲೆ ನಾಲ್ಕು ಅಡಿ ನೀರು ನಿಂತದ್ದು ಗೊತ್ತೇ ಆಗುವುದಿಲ್ಲ. ಅದಕ್ಕೆ ಪೆಟ್ಟು ಬೀಳುವುದು ಬೇರೆ ಮೂರು ಕಡೆ: ಮೇಲಿನ ಸ್ಟಾರ್ಟರ್ ಡಬ್ಬ, ಕೇಬಲ್ಲಿನ ಜಾಯಿಂಟು, ಕೇಸಿಂಗ್ ಬಾಯಿಂದ ಒಳಗಿಳಿದ ಕೆಸರು. ತೆರೆದ ಬಾವಿಯಲ್ಲಿ ಮುಳುಗಿಸಿಡುವ ಓಪನ್‌ವೆಲ್ ಪಂಪಿನದೂ ಇದೇ ಕತೆ. ಅದರ ಜಾಲರಿಗೆ ಕಸ ಕಟ್ಟಿಕೊಂಡಿರುತ್ತದೆ, ಹಗ್ಗ ಹಿಡಿದು ಮೇಲೆತ್ತಿ ತೊಳೆದು, ಒಳಗಿನ ನೀರು ಬದಲಿಸಿ ಇಳಿಸಿದರೆ ಹೆಚ್ಚಿನ ಸಲ ಸಾಕು.

ಮಾನೋಬ್ಲಾಕ್: ತೊಳೆ, ಒಣಗಿಸು, ಅಳೆ

1. ಬಿಚ್ಚಿಸಿ. ನೀರು ಇಳಿದ ಎರಡು-ಮೂರು ದಿನದೊಳಗೆ ಮೋಟರು ವೈಂಡಿಂಗ್ ಅಂಗಡಿ ಸೇರಬೇಕು. ವೈಂಡಿಂಗ್ ಇನ್ನಷ್ಟು ದಿನ ಕಾಯುತ್ತದೆ, ಬೇರಿಂಗ್ ಕಾಯುವುದಿಲ್ಲ. ಗ್ರೀಸು ತೊಳೆದುಹೋದ ಉಕ್ಕಿಗೆ ತುಕ್ಕು ಹಿಡಿಯಲು ಅಷ್ಟು ದಿನ ಧಾರಾಳ. ವೈರುಗಳನ್ನು ಕಳಚುವ ಮೊದಲು ಯಾವುದು ಎಲ್ಲಿತ್ತು ಎಂದು ಫೋಟೊ ತೆಗೆಯಿರಿ.

2. ತೊಳೆಯಿರಿ. ಒದ್ದೆಯಾದದ್ದನ್ನು ಮತ್ತೆ ಒದ್ದೆ ಮಾಡುವುದೇ ಎಂದು ಬಹಳ ಜನ ಇಲ್ಲೇ ಎಡವುತ್ತಾರೆ. ರೋಟರ್ ತೆಗೆದು, ವೈಂಡಿಂಗ್ ಇರುವ ಸ್ಟೇಟರನ್ನು ಸಿಹಿನೀರಿನಲ್ಲಿ ಮೆಲ್ಲಗೆ, ತಿಳಿನೀರು ಇಳಿಯುವ ತನಕ ತೊಳೆಯಬೇಕು. ಕೆಸರು ಒಳಗೇ ಒಣಗಿದರೆ ಹೆಂಟೆ ಕಟ್ಟಿ ಸುರುಳಿಗಳ ನಡುವೆ ಕೂರುತ್ತದೆ. ಮುಂದೆ ಪ್ರತಿ ಮಳೆಗಾಲದಲ್ಲೂ ಅದು ತೇವ ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಶಾಖ ಹೊರಹೋಗಲು ಬಿಡುವುದಿಲ್ಲ. ಉಪ್ಪು ಹೋಗುವುದೂ ತೊಳೆದರೆ ಮಾತ್ರ. ಬೈಕ್ ತೊಳೆಯುವ ಪ್ರೆಶರ್ ಗನ್ ಬೇಡ. ಅದು ಲೇಪವನ್ನೇ ಕಿತ್ತುಬಿಡುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಬೇಡವೇ ಬೇಡ. ವಾರ್ನಿಶ್ ಹಾಳಾಗುವುದು ಒಂದು, ಒಣಗಿಸುವಾಗ ಬೆಂಕಿ ಹತ್ತುವುದು ಇನ್ನೊಂದು.

3. ಒಣಗಿಸಿ. ಮೊದಲ ದಿನ ನೆರಳು-ಬಿಸಿಲಿನಲ್ಲಿ ಓರೆಯಾಗಿಟ್ಟು ನೀರು ಬಸಿಯಲು ಬಿಡಿ. ಆಮೇಲೆ ಶಾಖ ಬೇಕು. ಅಂಗಡಿಯಲ್ಲಿ ಓವನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇಟ್ಟಿಗೆ ಗೂಡು ಅಥವಾ ತಗಡಿನ ಡ್ರಮ್ಮಿನೊಳಗೆ ಸ್ಟೇಟರಿಟ್ಟು, ಎರಡು ದೊಡ್ಡ ಹಳೆ ಕಾಲದ ಬಲ್ಬು ಉರಿಸಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ, ಅದರಲ್ಲಿ ಶಾಖವಿಲ್ಲ. ಬಲ್ಬು ವೈಂಡಿಂಗ್‌ಗೆ ತಾಗಬಾರದು. ಮೇಲೆ ಆವಿ ಹೋಗಲು ಕಿಂಡಿ ಇರಬೇಕು, ಪೂರ್ತಿ ಮುಚ್ಚಿದರೆ ತೇವ ಒಳಗೇ ಸುತ್ತುತ್ತದೆ. ಗೂಡಿನ ಶಾಖ 60ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ. ಒಂದು ದಿನದಿಂದ ಎರಡು ದಿನ ಹಿಡಿಯಬಹುದು, ದೊಡ್ಡ ಮೋಟರಿಗೆ ಇನ್ನೂ ಹೆಚ್ಚು. ಬರೀ ಬಿಸಿಲಿನಲ್ಲಿ ಒಣಗಿಸುವುದಾದರೆ ಸಂಜೆ ಮಂಜು ಬೀಳುವ ಮೊದಲು ಒಳಗೆ ತನ್ನಿ. ಚಿತ್ತಾ ಮಳೆ ಕಳೆದ ಮೇಲಿನ ನಮ್ಮ ಬಯಲಿನ ಇಬ್ಬನಿ ಹಗಲಿನ ಕೆಲಸವನ್ನೆಲ್ಲ ಅಳಿಸಿಹಾಕುತ್ತದೆ.

4. ಅಳೆಯಿರಿ. ಒಣಗಿದೆಯೇ ಇಲ್ಲವೇ ಎಂದು ಹೇಳುವುದು ಕಣ್ಣೂ ಅಲ್ಲ, ಕೈಯೂ ಅಲ್ಲ, ಮೆಗ್ಗರ್. ವೈಂಡಿಂಗ್‌ಗೂ ಕಬ್ಬಿಣದ ಮೈಗೂ ನಡುವೆ 500 ವೋಲ್ಟ್ ಒತ್ತಡ ಹಾಕಿ ಎಷ್ಟು ಸೋರುತ್ತದೆ ಎಂದು ಅದು ತೋರಿಸುತ್ತದೆ. 1 ಮೆಗಾ ಓಮ್‌ಗಿಂತ ಕಡಿಮೆ ಇದ್ದರೆ ಓಡಿಸುವ ಮಾತೇ ಇಲ್ಲ. ತಣ್ಣಗಾದ ಮೇಲೆ 5ಕ್ಕಿಂತ ಮೇಲಿದ್ದರೆ ಧೈರ್ಯವಾಗಿ ಮುಂದೆ ಹೋಗಿ. ಚೆನ್ನಾಗಿ ಒಣಗಿದ ಒಳ್ಳೆಯ ವೈಂಡಿಂಗ್ ಹತ್ತಾರು ಮೆಗಾ ಓಮ್ ತೋರಿಸುತ್ತದೆ.

ಇಲ್ಲಿ ಒಂದು ವಿಚಿತ್ರ ತಿಳಿದಿರಲಿ. ಶಾಖ ಕೊಡಲು ಶುರು ಮಾಡಿದ ಮೊದಲ ಕೆಲವು ಗಂಟೆ ಮೆಗ್ಗರ್ ಅಂಕಿ ಏರುವುದಿಲ್ಲ, ಇಳಿಯುತ್ತದೆ. ಮೋಟರು ಕೆಟ್ಟಿತೆಂದು ಹೆದರಿ ಅಲ್ಲಿಗೇ ಬಿಡುವವರಿದ್ದಾರೆ. ಬಿಸಿಯಾದಾಗ ಇನ್ಸುಲೇಶನ್‌ನ ತಡೆ ತಾನಾಗಿ ಕಡಿಮೆಯಾಗುತ್ತದೆ, ಜೊತೆಗೆ ಆಳದಲ್ಲಿದ್ದ ತೇವ ಹೊರಗೆ ಬರುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಅಂಕಿ ನಿಲ್ಲುತ್ತದೆ, ಆಮೇಲೆ ಏರುತ್ತದೆ, ಕೊನೆಗೆ ಒಂದೇ ಮಟ್ಟದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಆ ಕೊನೆಯ ನಿಲುಗಡೆಯೇ ‘ಒಣಗಿದೆ’ ಎಂಬುದರ ಅರ್ಥ. ಗಂಟೆಗೊಮ್ಮೆ ಅಳೆದು ಒಂದು ಚೀಟಿಯಲ್ಲಿ ಬರೆದಿಡಲು ಅಂಗಡಿಯವರನ್ನು ಕೇಳಿ. ಬೇಸರ ಮಾಡಿಕೊಂಡಾರು, ಕೇಳಿ.

5. ವಾರ್ನಿಶ್, ಬೇರಿಂಗ್, ಸೀಲ್. ಒಣಗಿದ ವೈಂಡಿಂಗ್‌ಗೆ ಒಂದು ಸಲ ವಾರ್ನಿಶ್ ಕೊಟ್ಟು ಮತ್ತೆ ಕಾಯಿಸಿದರೆ ಆಯುಸ್ಸು ಹೆಚ್ಚು. ಎರಡೂ ಬೇರಿಂಗ್ ಹೊಸವು ಹಾಕಿಸಿ. ‘ತೊಳೆದು ಗ್ರೀಸ್ ತುಂಬಿದ್ದೀನಿ’ ಎಂಬ ಮಾತನ್ನು ಒಪ್ಪಬೇಡಿ. ಗುಂಡುಗಳ ನಡುವೆ ಉಳಿದ ಒಂದು ಚಿಟಿಕೆ ಮರಳು ಬೇರಿಂಗನ್ನು ತಿಂಗಳಲ್ಲಿ ಮುಗಿಸುತ್ತದೆ. ಬೇರಿಂಗ್ ಹೋದರೆ ರೋಟರು ಸ್ಟೇಟರಿಗೆ ಉಜ್ಜಿ, ಉಳಿಸಿಕೊಂಡ ವೈಂಡಿಂಗೂ ಹೋಗುತ್ತದೆ. ಪಂಪಿನ ಕಡೆ ಇಂಪೆಲ್ಲರ್ ಬಿಚ್ಚಿ ಕಸ ತೆಗೆದು, ಗ್ಲ್ಯಾಂಡ್ ದಾರ ಅಥವಾ ಮೆಕ್ಯಾನಿಕಲ್ ಸೀಲ್ ಹೊಸದು ಹಾಕಿಸಿ. ಫುಟ್‌ವಾಲ್ವ್ ಮರೆಯಬೇಡಿ, ಹೊಳೆಯ ಕಸವೆಲ್ಲ ಸೇರುವುದು ಅಲ್ಲೇ.

ರೀವೈಂಡಿಂಗ್ ಮಾಡಲೇಬೇಕು ಎಂದು ಅಂಗಡಿಯಲ್ಲಿ ಹೇಳಿದರೆ, ಮೆಗ್ಗರ್ ಅಂಕಿ ನಿಮ್ಮೆದುರು ತೋರಿಸಲು ಹೇಳಿ. ಒಣಗಿಸುವ ಮೊದಲಿನ ಅಂಕಿಯ ಮೇಲೆ ತೀರ್ಮಾನ ಮಾಡುವುದು ನ್ಯಾಯವಲ್ಲ, ಆಗ ಎಲ್ಲ ಮೋಟರೂ ಸೊನ್ನೆಯನ್ನೇ ತೋರಿಸುತ್ತವೆ. ಸುರುಳಿ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಬೇರೆ ಮಾತು. ಆಗ ತಾಮ್ರದ ತಂತಿಯೇ ಹಾಕುವುದಾಗಿ, ಹಳೆಯ ತಾಮ್ರದ ತೂಕ ಎಷ್ಟೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಸ್ಟಾರ್ಟರ್ ಡಬ್ಬ: ಇಲ್ಲಿ ಜಿಪುಣತನ ಬೇಡ

ಮೋಟರಿಗೆ ಸಾವಿರಾರು ರೂಪಾಯಿ ಸುರಿದು, ಕೆಸರು ಕುಡಿದ ಡಬ್ಬಕ್ಕೇ ಮತ್ತೆ ಜೋಡಿಸುವುದನ್ನು ನೋಡಿದ್ದೇನೆ. ಮುಳುಗಿದ ಎಂ.ಸಿ.ಬಿ., ಕೆಪಾಸಿಟರ್, ಆಟೋ ಸ್ವಿಚ್ಚಿನ ಬೋರ್ಡು, ಮೊಬೈಲ್ ಸ್ಟಾರ್ಟರಿನ ಬೋರ್ಡು ಇವನ್ನು ಒಣಗಿಸಿ ಬಳಸಬೇಡಿ, ಬದಲಿಸಿ. ಎಂ.ಸಿ.ಬಿ.ಯ ಒಳಗಿನ ಸ್ಪ್ರಿಂಗಿಗೆ ತುಕ್ಕು ಹಿಡಿದರೆ ಅದು ಬೀಳಬೇಕಾದ ಹೊತ್ತಿಗೆ ಬೀಳುವುದಿಲ್ಲ, ಅದು ನಿಮಗೆ ಗೊತ್ತಾಗುವುದು ಮೋಟರು ಸುಟ್ಟ ಮೇಲೆ. ಓವರ್‌ಲೋಡ್ ರಿಲೇ ಕೂಡ ಹಾಗೆಯೇ. ಕಾಂಟ್ಯಾಕ್ಟರ್ ಪಾಯಿಂಟುಗಳನ್ನು ಉಜ್ಜಿ, ಕಾಯಿಲ್ ಒಣಗಿಸಿ ಉಳಿಸಿಕೊಳ್ಳಬಹುದು. ಹಳೆಯ ಎಣ್ಣೆ ಸ್ಟಾರ್ಟರ್ ಆದರೆ ಎಣ್ಣೆ ಪೂರ್ತಿ ಚೆಲ್ಲಿ. ನೀರು ಭಾರ, ಎಣ್ಣೆಯ ತಳದಲ್ಲಿ ಕೂತಿರುತ್ತದೆ, ಮೇಲಿಂದ ನೋಡಿದರೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ.

ಕೆಪಾಸಿಟರ್ ಮುಟ್ಟುವ ಮೊದಲು ಒಂದು ಎಚ್ಚರ. ಕರೆಂಟು ಹೋಗಿ ಎಷ್ಟೋ ಹೊತ್ತಾದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಎಲೆಕ್ಟ್ರಿಷಿಯನ್ ಬಲ್ಬ್ ಹಾಕಿದ ಹೋಲ್ಡರ್‌ನ ಎರಡು ವೈರನ್ನು ಅದರ ತುದಿಗಳಿಗೆ ತಾಗಿಸಿ ಚಾರ್ಜ್ ಇಳಿಸಿದ ಮೇಲಷ್ಟೇ ಕೈ ಹಾಕಿ.

ಕೇಬಲ್ಲಿನ ತುದಿ ನೀರಲ್ಲಿದ್ದರೆ ದೀಪದ ಬತ್ತಿ ಎಣ್ಣೆ ಎಳೆಯುವಂತೆ ಎಳೆಗಳ ನಡುವೆ ನೀರು ಏರಿರುತ್ತದೆ. ತಾಮ್ರ ಕಪ್ಪು ಅಥವಾ ಹಸಿರಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ. ಅರ್ತ್ ಗುಂಡಿ ಕೊಚ್ಚಿಹೋಗಿದೆಯೇ ನೋಡಿ. ಅರ್ತ್ ಇಲ್ಲದ ಪಂಪ್ ಮನೆಯಲ್ಲಿ ಈ ಲೇಖನದ ಬೇರೆ ಯಾವ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ.

ಬೋರ್‌ವೆಲ್: ಮೋಟರಿಗಿಂತ ಕೆಸರಿನ ಚಿಂತೆ

ಕೇಸಿಂಗ್ ಪೈಪಿನ ಬಾಯಿ ಮುಳುಗಿತ್ತೇ? ಮುಚ್ಚಳ ಭದ್ರವಾಗಿತ್ತೇ? ಮುಚ್ಚಳ ಇದ್ದು ನೀರು ಇಳಿಯದಿದ್ದರೆ ಸ್ಟಾರ್ಟರ್ ಮತ್ತು ಜಾಯಿಂಟು ನೋಡಿಕೊಂಡರೆ ಆಯಿತು. ಹಳೆ ಗೋಣಿಚೀಲ ತುರುಕಿ ಮುಚ್ಚಿದ ಬೋರಾದರೆ ಹೀಗೆ ಮಾಡಿ:

1. ಡಬ್ಬದ ಕಡೆಯಿಂದ ಕೇಬಲ್ ಬಿಡಿಸಿ, ಮೂರೂ ವೈರಿನಿಂದ ಕೇಸಿಂಗಿಗೆ ಮೆಗ್ಗರ್ ಹಾಕಿಸಿ. ಅಂಕಿ ಚೆನ್ನಾಗಿದ್ದರೆ ಮೋಟರು ಎತ್ತುವ ಗೋಜು ಬೇಡ. ಕೆಟ್ಟಿದ್ದರೆ ಮೊದಲ ಸಂಶಯ ಮೋಟರಿನ ಮೇಲಲ್ಲ, ಜಾಯಿಂಟಿನ ಮೇಲೆ ಇರಲಿ.

2. ಪೈಪಿನ ಪಕ್ಕದ ಸಂದಿಯಲ್ಲಿ ತೂಕದ ದಾರ ಇಳಿಸಲು ಜಾಗವಿದ್ದರೆ ಇಳಿಸಿ ಆಳ ನೋಡಿ. ಪಂಪು ಇಳಿಸಿದ ಆಳಕ್ಕಿಂತ ಮೇಲೆಯೇ ದಾರ ಕೆಸರಿಗೆ ತಾಗಿದರೆ ಪಂಪು ಹೂತಿದೆ ಎಂದರ್ಥ. ಆಗ ಸ್ಟಾರ್ಟ್ ಮಾಡಬಾರದು, ಬಲವಂತವಾಗಿ ಎಳೆಯಲೂಬಾರದು. ಪೈಪು ಕಡಿದು ಮೋಟರು ಒಳಗೇ ಉಳಿದರೆ ಬೋರೇ ಹೋಯಿತು. ಬೋರ್ ಲಾರಿಯ ಕಂಪ್ರೆಸರಿನಿಂದ ಫ್ಲಶಿಂಗ್ ಮಾಡಿಸಿ.

3. ಮೊದಲ ಸಲ ಓಡಿಸುವಾಗ ಗೇಟ್‌ವಾಲ್ವ್ ಅರ್ಧ ಮುಚ್ಚಿ, ನೀರನ್ನು ಹೊಲಕ್ಕೆ ಬಿಡಿ, ಡ್ರಿಪ್‌ಗೆ ಬಿಡಬೇಡಿ. ಕೆಂಪುನೀರು ತಿಳಿಯಾಗುವ ತನಕ ನಿಲ್ಲಿಸಬೇಡಿ. ನಡುವೆ ನಿಲ್ಲಿಸಿದರೆ ಪೈಪಿನ ಉದ್ದಕ್ಕೂ ಮೇಲೇರುತ್ತಿದ್ದ ಮರಳೆಲ್ಲ ಇಳಿದು ಪಂಪಿನ ತಲೆಯ ಮೇಲೆ ಕೂತು ಇಂಪೆಲ್ಲರ್ ಹಿಡಿದುಬಿಡುತ್ತದೆ. ಆದ್ದರಿಂದ ತ್ರೀ ಫೇಸ್ ಬಂದ ಮೊದಲ ಗಂಟೆಯಲ್ಲಿ ಶುರು ಮಾಡಿ, ಹೋಗುವ ಹೊತ್ತಿಗಲ್ಲ.

4. ಡ್ರಿಪ್ ಫಿಲ್ಟರ್ ತೊಳೆದು, ಲ್ಯಾಟರಲ್ ಪೈಪುಗಳ ತುದಿ ಬಿಚ್ಚಿ ನೀರು ಹರಿಸಿದ ಮೇಲೆ ತೋಟಕ್ಕೆ ಬಿಡಿ. ದಾಳಿಂಬೆ, ಅಡಿಕೆ ಬೆಳೆದವರಿಗೆ ಕಟ್ಟಿದ ಡ್ರಿಪ್ಪರ್ ಬಿಡಿಸುವ ಕಷ್ಟ ಹೇಳಬೇಕಿಲ್ಲ.

ಅದೇ ಬೋರಿನ ನೀರು ಮನೆಗೆ ಕುಡಿಯಲು ಬರುತ್ತಿದ್ದರೆ, ಪ್ರವಾಹದ ಜೊತೆ ಏನೇನು ಒಳಗಿಳಿದಿದೆಯೋ ದೇವರಿಗೇ ಗೊತ್ತು. ಬ್ಲೀಚಿಂಗ್ ಪೌಡರ್ ಬಳಸಬೇಕು. ಆರೂವರೆ ಇಂಚಿನ ಬೋರಿನಲ್ಲಿ ಒಂದು ಮೀಟರ್ ನೀರಿನ ಕಂಬಕ್ಕೆ ಸುಮಾರು 21 ಲೀಟರ್ ನೀರಿರುತ್ತದೆ. 100 ಮೀಟರ್ ನೀರಿದ್ದರೆ ಸುಮಾರು 2,100 ಲೀಟರ್. ಅಷ್ಟಕ್ಕೆ ಹೊಸ ಬ್ಲೀಚಿಂಗ್ ಪೌಡರ್ ಸುಮಾರು 350 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಗಸಿ ಕೂತ ಮೇಲೆ ತಿಳಿಯನ್ನು ಮಾತ್ರ ಬೋರಿಗೆ ಸುರಿದು, ಒಂದು ದಿನ ಬಿಟ್ಟು, ವಾಸನೆ ಹೋಗುವ ತನಕ ನೀರು ಹೊರಹಾಕಿ. ಆಮೇಲೆ ಗ್ರಾಮ ಪಂಚಾಯಿತಿಯ ಮೂಲಕ ನೀರು ಪರೀಕ್ಷೆ ಮಾಡಿಸಿ. ಅದುವರೆಗೆ ಕಾಯಿಸಿ ಆರಿಸಿದ ನೀರೇ ಕುಡಿಯಿರಿ.

ಮತ್ತೆ ಓಡಿಸುವ ದಿನ

ಮೋಟರು ಅಂಗಡಿಯಿಂದ ಬಂದು ಕೂತಾಯಿತು. ಮೊದಲು ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಸಲೀಸಾಗಿ ತಿರುಗಬೇಕು. ಪಂಪಿಗೆ ನೀರು ತುಂಬಿಸಿ. ವೋಲ್ಟೇಜು ನೋಡಿ: ಮೂರು ಫೇಸಿನ ನಡುವೆ 415ರ ಆಸುಪಾಸು ಇರಬೇಕು, ನೆರೆ ನಂತರ ಲೈನು ಕುಂಟುತ್ತಾ 350ಕ್ಕೆ ಬಂದಿದ್ದರೆ ಇನ್ನೊಂದು ದಿನ ಕಾಯಿರಿ. ಒಂದೆರಡು ಸೆಕೆಂಡು ಆನ್ ಮಾಡಿ ಆಫ್ ಮಾಡಿ, ತಿರುಗುವ ದಿಕ್ಕು ಸರಿಯಿದೆಯೇ ನೋಡಿ. ಉಲ್ಟಾ ಇದ್ದರೆ ಮೇನ್ ಇಳಿಸಿ ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಿಸಿ. ಬೋರಿನ ಪಂಪು ಉಲ್ಟಾ ತಿರುಗುವುದು ಕಣ್ಣಿಗೆ ಕಾಣುವುದಿಲ್ಲ, ನೀರು ಕಡಿಮೆ ಬರುತ್ತದೆ. ‘ಅಂತರ್ಜಲ ಇಳಿದಿರಬೇಕು’ ಎಂದುಕೊಂಡು ತಿಂಗಳುಗಟ್ಟಲೆ ಹಾಗೇ ಓಡಿಸಿದವರೂ ಇದ್ದಾರೆ, ಕೆರೆ ತುಂಬಿದ ವರ್ಷದಲ್ಲಿ!

ಆಮೇಲೆ ಟಾಂಗ್ ಟೆಸ್ಟರ್ ಹಿಡಿದು ಮೂರೂ ವೈರಿನ ಆಂಪಿಯರ್ ನೋಡಿ. 5 ಎಚ್‌.ಪಿ. ಮಾನೋಬ್ಲಾಕ್ ಸುಮಾರು ಏಳೂವರೆ ಆಂಪಿಯರ್, ಏಳೂವರೆ ಎಚ್‌.ಪಿ.ಯದು ಸುಮಾರು 11 ಆಂಪಿಯರ್ ಎಳೆಯುತ್ತದೆ. ಸಬ್‌ಮರ್ಸಿಬಲ್ ಸ್ವಲ್ಪ ಹೆಚ್ಚು. ನಿಮ್ಮ ಮೋಟರಿನ ನಾಮಫಲಕದ ಅಂಕಿಯೇ ಪ್ರಮಾಣ. ಮೂರರಲ್ಲಿ ಒಂದು ಮಾತ್ರ ಬಹಳ ಹೆಚ್ಚಿದ್ದರೆ ನಿಲ್ಲಿಸಿ. ಮೊದಲ ಅರ್ಧ ಗಂಟೆ ಅಲ್ಲೇ ಕೂತಿರಿ, ಮನೆಗೆ ಊಟಕ್ಕೆ ಹೋಗಬೇಡಿ. ವಾರ್ನಿಶ್ಶಿನ ನಸು ವಾಸನೆ ಹೊಸದರಲ್ಲಿ ಸಹಜ. ಸುಟ್ಟ ವಾಸನೆ, ಗರಗರ ಸದ್ದು ಬಂದರೆ ತಕ್ಷಣ ಆಫ್.

ಎಲ್ಲರೂ ಮಾಡುವ ತಪ್ಪುಗಳು

‘ಸೀರೀಸ್ ಬಲ್ಬು ಉರಿಯಲಿಲ್ಲ, ಮೋಟರು ಸರಿಯಿದೆ.’ ಸೀರೀಸ್ ಬೋರ್ಡಿನ ಬಲ್ಬು ಉರಿಯಬೇಕಾದರೆ ದೊಡ್ಡ ಸೋರಿಕೆಯೇ ಬೇಕು. ಅದು ನೇರ ಶಾರ್ಟ್ ಹಿಡಿಯುತ್ತದೆಯೇ ಹೊರತು ತೇವ ಹಿಡಿಯುವುದಿಲ್ಲ. ಮಲ್ಟಿಮೀಟರ್ ಕತೆಯೂ ಅಷ್ಟೇ. ಅದರ ಸಣ್ಣ ಬ್ಯಾಟರಿಯ ಒತ್ತಡಕ್ಕೆ ಸೋರದ ಇನ್ಸುಲೇಶನ್ 415 ವೋಲ್ಟಿಗೆ ಸೋರಬಹುದು.

‘ಖಾಲಿ ಓಡಿಸಿದರೆ ತಾನೇ ಒಣಗುತ್ತೆ.’ ಒಣಗುವುದಿಲ್ಲ, ಸುಡುತ್ತದೆ. ನೀರಿಲ್ಲದೆ ಓಡಿಸಿದ ಪಂಪಿನ ಸೀಲೂ ಹೋಗುತ್ತದೆ.

‘ಒಂದು ಫೇಸ್ ಇಲ್ಲ, ಕಂಡೆನ್ಸರ್ ಹಾಕಿ ಎಳೆಸೋಣ.’ ಮಳೆಗಾಳಿಗೆ ಒಂದು ತಂತಿ ಕಡಿದಾಗ ಈ ಉಪಾಯ ನಮ್ಮಲ್ಲಿ ಮನೆಮಾತು. ಆರೋಗ್ಯವಾಗಿರುವ ಮೋಟರೇ ಇದರಿಂದ ನರಳುತ್ತದೆ. ಮೊನ್ನೆಯಷ್ಟೇ ಒಣಗಿಸಿದ್ದಕ್ಕೆ ಮೂರೂ ಫೇಸ್ ಇಲ್ಲದೆ ಕೈ ಹಚ್ಚಬೇಡಿ.

‘ಫ್ಯೂಸ್ ಹೋಗ್ತಾ ಇದೆ, ದಪ್ಪ ವೈರ್ ಹಾಕು.’ ಫ್ಯೂಸ್ ಹೋಗುತ್ತಿರುವುದೇ ಒಳಗೆ ತೇವ ಉಳಿದಿದೆ ಎಂಬ ಸುದ್ದಿ ಹೇಳಲು. ಸುದ್ದಿ ತಂದವನ ಬಾಯಿ ಕಟ್ಟಬೇಡಿ.

ಮುಂದಿನ ಕೋಡಿಗೆ ಮೊದಲು

ಪಂಪ್ ಮನೆಯ ಗೋಡೆಯ ಮೇಲೆ ಈ ಸಲ ನೀರು ನಿಂತ ಗುರುತಿಗೆ ಬಣ್ಣದಲ್ಲಿ ಗೀಟು ಎಳೆದು ತಾರೀಕು ಬರೆಯಿರಿ. ಸ್ಟಾರ್ಟರ್ ಡಬ್ಬ ಆ ಗೀಟಿಗಿಂತ ಎರಡು ಅಡಿ ಮೇಲೆ ಹೋಗಲಿ. ಬೋರಿನ ಕೇಸಿಂಗ್ ಆ ಗೀಟಿಗಿಂತ ಮೇಲಕ್ಕೆ ಬರುವಂತೆ ಒಂದು ತುಂಡು ಪೈಪು ಬೆಸೆಸಿ, ಬೋಲ್ಟ್ ಹಾಕುವ ಮುಚ್ಚಳ ಹಾಕಿಸಿ; ಖರ್ಚು ಒಂದು ಫ್ಲಶಿಂಗಿನಷ್ಟೂ ಆಗುವುದಿಲ್ಲ. ಹೊಳೆ ದಡದ ಮಾನೋಬ್ಲಾಕ್ ಬೋಲ್ಟುಗಳಿಗೆ ಗ್ರೀಸ್ ಹಚ್ಚಿಟ್ಟು, ಪೈಪಿಗೆ ಯೂನಿಯನ್ ಹಾಕಿಸಿದರೆ ಇಬ್ಬರು ಸೇರಿ ಅರ್ಧ ಗಂಟೆಯಲ್ಲಿ ಮೋಟರು ಬಿಚ್ಚಿ ಎತ್ತರಕ್ಕೆ ಒಯ್ಯಬಹುದು. ಹಿನ್ನೀರಿನವರಿಗೆ ಒಂದು ಅನುಕೂಲವಿದೆ, ಹೊಳೆ ದಡದವರಿಗೆ ಇಲ್ಲದ್ದು: ಜಲಾಶಯದ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಅದು 125 ಅಡಿ ದಾಟಿದ ದಿನ ಸ್ಪ್ಯಾನರ್ ಹುಡುಕಿಟ್ಟುಕೊಳ್ಳಿ.